ಹಂಚಿನ ಮೇಲಿದ್ದ 1865

2014ರ ಮೇ ತಿಂಗಳ ಕೊನೆ ವಾರ. ಮಳೆ ಹಿಡಿಯುವ ಮೊದಲು ಮುಗಿಸಬೇಕು ಅಂತ ಚರ್ಚಿನ ಹಂಚು ಇಳಿಸುತ್ತಿದ್ದರು. ಬೆಳಗಾವಿಯ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಶುರುವಾದರೆ ಗಣಪತಿ ಹಬ್ಬದವರೆಗೂ ಹಗ್ಗದ ಮೇಲಿನ ಬಟ್ಟೆ ಒಣಗುವುದಿಲ್ಲ. ಕೆಳಗೆ ನಿಂತು ಹಂಚು ಹಿಡಿಯುತ್ತಿದ್ದ ಹುಡುಗ ಒಂದನ್ನು ತಿರುವಿ ನೋಡಿದ. ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರಗಳು, ನಡುವೆ ದಪ್ಪಗೆ 1865.

ಸಂಜೆ ಹೊತ್ತಿಗೆ ಆ ಹಂಚಿನ ಫೋಟೋ ಎಲ್ಲರ ಫೋನಿಗೂ ಹೋಗಿತ್ತು. ಭಾನುವಾರದ ಪೂಜೆ ಮುಗಿಯುವಷ್ಟರಲ್ಲಿ ಲೆಕ್ಕವೂ ಆಗಿತ್ತು. 1865ಕ್ಕೆ 150 ಸೇರಿಸಿದರೆ 2015. ಬರುವ ವರ್ಷವೇ!

ಚರ್ಚಿನ ಹೆಸರು ಇಲ್ಲಿ ಹೇಳುವುದಿಲ್ಲ, ಧರ್ಮಕೇಂದ್ರದವರು ಹಾಗೆ ಕೇಳಿಕೊಂಡಿದ್ದಾರೆ. ಬೆಳಗಾವಿಯಿಂದ ಖಾನಾಪುರದ ಕಡೆ ಹೋಗುವಾಗ, ಊರು ಮುಗಿದು ಹೊಲ ಶುರುವಾಗುವ ಹೊತ್ತಿಗೆ ಸಿಗುವ ಸಣ್ಣ ಇಟ್ಟಿಗೆ ಕಟ್ಟಡ ಅದು. ಕ್ಯಾಂಪಿನ, ಅಂದರೆ ಬೆಳಗಾವಿಯ ದಂಡು ಪ್ರದೇಶದ, ಸೇಂಟ್ ಮೇರಿಸ್ ಚರ್ಚ್ ನೋಡಿದವರಿಗೆ ಇದು ಚರ್ಚ್ ಅಂತಲೇ ಅನಿಸಲಿಕ್ಕಿಲ್ಲ. ಅದು 1860ರ ದಶಕದಲ್ಲಿ ದಂಡಿನ ಸಾಹೇಬರಿಗಾಗಿ ಕಲ್ಲಲ್ಲಿ ಎಬ್ಬಿಸಿದ ಗೋಥಿಕ್ ಕಟ್ಟಡ. ಇದಕ್ಕೆ ಗೋಪುರ ಕೂಡ ಇಲ್ಲ. ಎದುರಿನ ಗೋಡೆಯನ್ನೇ ಸ್ವಲ್ಪ ಎತ್ತರಿಸಿ, ಕಮಾನು ಬಿಟ್ಟು, ಗಂಟೆ ತೂಗುಹಾಕಿದ್ದಾರೆ. ಇಸವಿ ಎಲ್ಲೂ ಬರೆದಿಲ್ಲ. ಇದ್ದರೂ ಎಂದೋ ಸಿಮೆಂಟ್ ಗಿಲಾವ್ ಕೆಳಗೆ ಹೋಗಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು.

ನಾನು ಈ ಧರ್ಮಕೇಂದ್ರದವನಲ್ಲ, ಕ್ರೈಸ್ತನೂ ಅಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ ನಿವೃತ್ತನಾದವನು. ಹಳೇ ಕಟ್ಟಡದ ಅಳತೆ ತೆಗೆದು ಚಿತ್ರ ಬರೆಯುವ ಹುಚ್ಚು ಇದೆ ಅಂತ ಸುತ್ತಮುತ್ತ ಗೊತ್ತು. ಕಮಿಟಿಯ ಕಾರ್ಯದರ್ಶಿ ಮನೆಗೆ ಬಂದು, "ಸರ, ಸ್ಮರಣ ಸಂಚಿಕೆಗೆ ನಾಕ್ ಪಾನ ಇತಿಹಾಸ ಬರಕೊಡ್ರಿ" ಅಂದರು. ಜೊತೆಗೆ ಅಮೃತಶಿಲೆ ಫಲಕಕ್ಕೆ ಅಡ್ವಾನ್ಸ್ ಕೊಟ್ಟಿರುವ ಸುದ್ದಿಯನ್ನೂ ಹೇಳಿದರು. ಇತಿಹಾಸ ಬರೆಯುವುದಕ್ಕೆ ಮೊದಲೇ ಇಸವಿ ಕೆತ್ತಲು ಕೊಟ್ಟಾಗಿತ್ತು!

ಮರುದಿನ ಹೋಗಿ ಆ ಹಂಚು ಕೈಯಲ್ಲಿ ಹಿಡಿದೆ. ಒಳ್ಳೇ ಮಾಲು. ಇಷ್ಟು ವರ್ಷ ಮಳೆ ತಿಂದರೂ ಅಂಚು ಸವೆದಿರಲಿಲ್ಲ, ಬೆರಳಿನ ಗೆಣ್ಣಿನಿಂದ ತಟ್ಟಿದರೆ ಖಣ್ ಅಂತಿತ್ತು. ಹಿಂದೆ ಇದ್ದದ್ದು ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯ ಹೆಸರು, ಮಂಗಳೂರು, 1865. ನೋಡಿದ ತಕ್ಷಣ ನನಗೆ ಅನುಮಾನ ಬಂತು. ಯಾಕೆಂದರೆ ಇದೇ 1865ನ್ನು ನಾನು ಧಾರವಾಡದ ಒಂದು ಮನೆಯಲ್ಲಿ ನೋಡಿದ್ದೆ, ಕಾರವಾರದ ಕಡೆ ಒಂದು ಗೋದಾಮಿನಲ್ಲೂ ನೋಡಿದ್ದೆ. ಎಲ್ಲರೂ ಅದೇ ಒಂದು ವರ್ಷ ಕಟ್ಟಲಿಕ್ಕೆ ಹೇಗೆ ಸಾಧ್ಯ?

1865 ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಹುಟ್ಟಿದ ವರ್ಷ ಅಲ್ಲ. ಜಾರ್ಜ್ ಪ್ಲೆಬ್ಸ್ಟ್ ಅಂತ ಜರ್ಮನಿಯ ಮಿಷನರಿ, ಯಂತ್ರದ ಕೆಲಸ ಬಲ್ಲವನು. ಅವನು ಮಂಗಳೂರಿನಲ್ಲಿ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಆ ವರ್ಷ ಮೊದಲ ಹಂಚಿನ ಕಾರ್ಖಾನೆ ತೆಗೆದ. ಶುರುವಿನಲ್ಲಿ ಇದ್ದದ್ದು ಎರಡು ಎತ್ತು, ಬೆರಳೆಣಿಕೆಯ ಆಳುಗಳು. ದಿನಕ್ಕೆ 560 ಹಂಚು. ಮುಂದೆ ಕಾರ್ಖಾನೆ ಬೆಳೆಯಿತು, ಕಲ್ಲಿಕೋಟೆ, ಕುದ್ರೋಳಿ, ಮಲ್ಪೆ ಅಂತ ಬೇರೆ ಕಡೆಗೂ ಹಬ್ಬಿತು. ಮಸಾಲೆ ಡಬ್ಬಿಯ ಮೇಲೆ ಅಂಗಡಿ ತೆರೆದ ವರ್ಷ ಹಾಕುತ್ತಾರಲ್ಲ, ಹಾಗೆ ಹಂಚಿನ ಅಚ್ಚಿನಲ್ಲಿ ಆ ಇಸವಿ ಉಳಿದುಕೊಂಡಿತು. ಡಬ್ಬಿ ಮೇಲೆ 1950 ಅಂತ ಇದೆ ಅಂದರೆ ಒಳಗಿನ ಖಾರಪುಡಿ 1950ರದ್ದು ಅಂತ ಯಾರೂ ತಿಳಿಯುವುದಿಲ್ಲ. ಹಂಚಿನ ವಿಷಯದಲ್ಲಿ ಮಾತ್ರ ನಾವೆಲ್ಲ ಸಲೀಸಾಗಿ ಮೋಸಹೋಗುತ್ತೇವೆ.

ಕಾರ್ಯದರ್ಶಿಗೆ ಇದನ್ನು ಹೇಳಿದೆ. ಅವರ ಮುಖ ಸಣ್ಣದಾಯಿತು. "ಸರ, ಸುಟ್ಟ ಮಣ್ಣಿನ್ಯಾಗ ಮೂಡಿದ್ದ ಸುಳ್ಳ ಆಕ್ಕೈತೇನ್ರಿ?" ಅಂದರು. ಒಂದೇ ಮಾತಿಗೆ ಒಪ್ಪಿಸಲು ಆಗುವುದಿಲ್ಲ ಅಂತ ಗೊತ್ತಾಯಿತು. ಸರಿ, ಇಳಿಸಿದ ಹಂಚನ್ನೆಲ್ಲ ಬೇರೆ ಬೇರೆ ಗುಡ್ಡೆ ಹಾಕಿಸೋಣ ಅಂದೆ.

ಎರಡು ದಿನ ಇದೇ ಕೆಲಸ. ಚರ್ಚಿನ ಅಂಗಳದಲ್ಲಿ ಐದು ಗುಡ್ಡೆಯಾದವು. ಮೊದಲನೆಯದು 1865. ಎರಡನೆಯದರ ಮೇಲೆ ಅಲ್ಬುಕರ್ಕ್ ಅಂಡ್ ಸನ್ಸ್, 1868. ಇದು ಮಂಗಳೂರಿನ ಕ್ಯಾಥೊಲಿಕ್ ಕುಟುಂಬದ ಕಾರ್ಖಾನೆ, ಅದೂ ತಾನು ಶುರುವಾದ ಇಸವಿಯನ್ನೇ ಒತ್ತುತ್ತಿತ್ತು. (ಪ್ರಾಟೆಸ್ಟಂಟ್ ಮಿಷನ್ನಿನ ಹಂಚೂ ಕ್ಯಾಥೊಲಿಕ್ಕರ ಹಂಚೂ ಒಂದೇ ಸೂರಿನಲ್ಲಿ ಅಕ್ಕಪಕ್ಕ ಕೂತು ಒಟ್ಟಿಗೆ ಸೋರುತ್ತಿದ್ದವು. ಇದನ್ನು ಹೇಳಿದಾಗ ಫಾದರ್ ಬಹಳ ನಕ್ಕರು.) ಮೂರನೆಯ ಗುಡ್ಡೆ ಫೆರೋಕ್‌ನದು. ನಾಲ್ಕನೆಯದರ ಮೇಲೆ ಕಾಮನ್‌ವೆಲ್ತ್ ಹೆಸರು. ಐದನೆಯದು ಹೆಸರೇ ಇಲ್ಲದ ಇತ್ತೀಚಿನ ಮಾಲು, ಖಾನಾಪುರದ ಕಡೆಯದು ಇರಬೇಕು. ಅಲ್ಲಿನ ಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು.

ನನಗೆ ಬೇಕಾಗಿದ್ದದ್ದು ಮೂರನೆಯ ಮತ್ತು ನಾಲ್ಕನೆಯ ಗುಡ್ಡೆ. ಫೆರೋಕ್ ಅಂದರೆ ಕಲ್ಲಿಕೋಟೆ ಪಕ್ಕದ ಊರು. ಅಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ಶುರುವಾದದ್ದು 1905ರಲ್ಲಿ. ಇನ್ನು ಕಾಮನ್‌ವೆಲ್ತ್ ಅನ್ನುವುದು ಮೊದಲನೇ ಮಹಾಯುದ್ಧ ಮುಗಿದ ಮೇಲಿನ ಹೆಸರು. ಮಿಷನ್ನಿನಲ್ಲಿ ಜರ್ಮನರಿದ್ದರು ಅಂತ ಬ್ರಿಟಿಷರು ಕಾರ್ಖಾನೆಗಳನ್ನು ಕಿತ್ತುಕೊಂಡು ಕಾಮನ್‌ವೆಲ್ತ್ ಟ್ರಸ್ಟ್‌ಗೆ ಕೊಟ್ಟರು. ಅಂದರೆ ಈ ಮಾಡಿನಲ್ಲಿ 1905ರ ಈಚಿನ ಹಂಚೂ ಇದೆ, 1919ರ ಈಚಿನದೂ ಇದೆ.

"ಅವು ಆಮ್ಯಾಲ ಹಾಕಿದ್ದು ಇರಬೇಕ್ರಿ. ಮಂಗ್ಯಾ ಒಡದಿರ್ತಾವ, ಬದಲಿ ಹಾಕಿರ್ತಾರ," ಅಂದರು ಕಾರ್ಯದರ್ಶಿ. ಮಾತು ಸರಿಯಾಗಿಯೇ ಇತ್ತು. ಒಂದು ಹಂಚು ಒಡೆದರೆ ಸಿಕ್ಕಿದ್ದನ್ನು ತಂದು ಹಾಕುತ್ತಾರೆ. ಹೊಸ ಹಂಚು ಇದೆ ಅನ್ನುವುದರಿಂದ ಕಟ್ಟಡ ಹೊಸದಾಗುವುದಿಲ್ಲ. ಹಾಗೇ ಹಳೇ ಹಂಚು ಇದೆ ಅನ್ನುವುದರಿಂದ ಕಟ್ಟಡ ಹಳೆಯದೂ ಆಗುವುದಿಲ್ಲ, ಅಲ್ವಾ? ಎಲ್ಲಿಂದಲೋ ಬಿಚ್ಚಿ ತಂದ ಹಂಚೂ ಇರಬಹುದು.

ಹಾಗಾಗಿ ಹಂಚು ಬಿಟ್ಟು ಕಟ್ಟಿಗೆ ನೋಡಲು ನಿಚ್ಚಣಿಕೆ ಹತ್ತಿದೆ. ನನ್ನ ವಯಸ್ಸಿಗೆ ಅದು ಬೇಡವಾಗಿತ್ತು. ಆದರೆ ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅದೇ ಅರ್ಧ ಗಂಟೆ.

ಮಂಗಳೂರು ಹಂಚು ಒಂದಕ್ಕೊಂದು ಕೊಂಡಿ ಹಾಕಿ ಕೂರುತ್ತದೆ. ಅದಕ್ಕೆ ಸುಮಾರು ಒಂದಡಿಗೊಂದು ರೀಪು, ಅಂದರೆ ಹಂಚು ಕೂರುವ ಮರದ ಪಟ್ಟಿ, ಸಾಕು. ನಾಡಹಂಚಿಗೆ ಹಾಗಲ್ಲ. ಅದು ಕೈಯಲ್ಲಿ ಮಾಡಿದ ಅರ್ಧ ಕೊಳವೆ, ಸುಮ್ನೆ ಒಂದರ ಮೇಲೊಂದು ಒರಗಿರುತ್ತದೆ. ಕೆಳಗೆ ಬಿದಿರೋ ಪಟ್ಟಿಯೋ ಒತ್ತೊತ್ತಾಗಿ ಹಾಸಿರಬೇಕು. ಇಲ್ಲಿನ ಸಾಗವಾನಿ ತೊಲೆಗಳ ಮೇಲೆ ಕೈ ಆಡಿಸಿದರೆ ಎರಡು ಥರದ ಮೊಳೆ ತೂತುಗಳು ಸಿಕ್ಕವು. ಈಗಿನ ರೀಪುಗಳ ಮೊಳೆ ಒಂದಡಿಗೊಂದು. ಅವುಗಳ ನಡುವೆ, ಮೂರ್ನಾಲ್ಕು ಇಂಚಿಗೊಂದರಂತೆ, ಹಳೇ ತೂತುಗಳ ಸಾಲು. ಅಂಚು ಕಪ್ಪಾಗಿ, ಒಳಗೆ ತುಕ್ಕಿನ ಪುಡಿ ತುಂಬಿತ್ತು. ಬೆಂಕಿಕಡ್ಡಿ ತೂರಿಸಿದರೆ ಅರ್ಧ ಒಳಗೆ ಹೋಗುತ್ತಿತ್ತು.

ಎಂದರೆ ಈ ಮಾಡಿಗೆ ಮೊದಲು ಹೊದಿಸಿದ್ದು ನಾಡಹಂಚು. ಮಂಗಳೂರು ಹಂಚು ಬಂದದ್ದು ಆಮೇಲೆ. ಗೋಡೆ ಎಷ್ಟು ಹಳೆಯದು ಅಂತ ಹೇಳುವ ಹಕ್ಕೇ ಆ 1865ರ ಹಂಚಿಗೆ ಇರಲಿಲ್ಲ.

ಆ ದೃಷ್ಟಿಯಿಂದ ಯೋಚಿಸಿದರೆ ಸಾಗಾಟದ ಲೆಕ್ಕವೂ ಕೂಡುತ್ತದೆ. 1865ರಲ್ಲಿ ಬೆಳಗಾವಿಗೆ ರೈಲು ಎಲ್ಲಿತ್ತು? ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದೇ 1882ರಲ್ಲಿ, ಬೆಳಗಾವಿ ಕಂಡದ್ದು ಆ ದಶಕದ ಕೊನೆಗೆ. ಅದಕ್ಕೂ ಮೊದಲು ಕಡಲ ಮಾಲು ವೆಂಗುರ್ಲಾ ಬಂದರಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಬೇಕು. ದಿನಕ್ಕೆ 560 ಹಂಚು ಮಾಡುವ ಕಾರ್ಖಾನೆ, ಅದೇ ವರ್ಷ, ಘಟ್ಟದ ಮೇಲಿನ ಬಡ ಕುಟುಂಬಗಳ ಚರ್ಚಿಗೆ ಸಾವಿರಾರು ಹಂಚು ಕಳಿಸಿತು ಅಂದರೆ ನಾನು ನಂಬುವುದಿಲ್ಲ.

ಗೋಡೆ ವಿಷಯಕ್ಕೆ ಬರುತ್ತೇನೆ. ಇಲ್ಲಿ ಕರಿಕಲ್ಲೂ ಇದೆ, ಕೆಂಪು ಜಂಬಿಟ್ಟಿಗೆ ಕಲ್ಲೂ ಇದೆ, ಆದರೂ ಇಟ್ಟಿಗೆ ಯಾಕೆ ಅಂತ ಸ್ಮರಣ ಸಂಚಿಕೆಯ ಹುಡುಗರು ಕೇಳಿದರು. ಬ್ರಿಟಿಷರು ಇಟ್ಟಿಗೆ ತಂದರು ಅಂತ ಬರೆಯಬೇಕು ಅಂತಿದ್ದರು. ಅದನ್ನು ಹೊಡೆದು ಹಾಕಿಸಿದೆ. 1656ರ ಹೊತ್ತಿಗೆ ಮುಗಿದ ವಿಜಯಪುರದ ಗೋಲಗುಮ್ಮಟದ ಗುಮ್ಮಟವೇ ಇಟ್ಟಿಗೆ ಮತ್ತು ಸುಣ್ಣದ ಗಚ್ಚಿನದು. ಇಟ್ಟಿಗೆ ನಮಗೆ ಹೊಸದಲ್ಲ. ಕಲ್ಲು ಒಡೆಯಲು, ಕೆತ್ತಲು ದುಡ್ಡು ಬೇಕು. ಇಟ್ಟಿಗೆಗೆ ಬೇಕಾದದ್ದು ಹೊಲದ ಮಣ್ಣು, ಖಾನಾಪುರ ಕಾಡಿನ ಸೌದೆ, ಮತ್ತೆ ಕೂಲಿ. ಆ ಕೂಲಿಯನ್ನು ಮನೆಮಂದಿಯೇ ಮಾಡಿದರೆ ಅದೂ ಉಳಿಯಿತು. ಇಲ್ಲಿದ್ದವರು ಕ್ಯಾಂಪಿನಲ್ಲಿ ಅಡುಗೆಯವರು, ಪಾವ್ ಮಾಡುವವರು, ದರ್ಜಿಗಳು, ಬ್ಯಾಂಡಿನವರು. ಹೆಚ್ಚಿನವರು ಗೋವಾ ಕಡೆಯಿಂದ ಬಂದ ಕೊಂಕಣಿ ಮಾತಿನ ಜನ. ಅವರಿಗೆ ಸರ್ಕಾರದ ದುಡ್ಡು ಎಲ್ಲಿಂದ ಬರಬೇಕು?

ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ಯಾರೋ ಗೋಡೆಗೆ ಸಿಮೆಂಟ್ ಗಿಲಾವ್ ಮಾಡಿಸಿದ್ದರು. ಸುಣ್ಣದ ಗಚ್ಚಿನ ಗೋಡೆ ಉಸಿರಾಡುತ್ತದೆ, ನೆಲದಿಂದ ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಕೂತು ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಇಲ್ಲೂ ಅದೇ ಆಗಿತ್ತು. ಉತ್ತರದ ಗೋಡೆಯಲ್ಲಿ ಸೊಂಟದ ಎತ್ತರದವರೆಗೆ ಗಿಲಾವ್ ಉಬ್ಬಿ, ಬಿಳಿ ಉಪ್ಪು ಹೂಬಿಟ್ಟಿತ್ತು. ಗೌಂಡಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ, ಹಪ್ಪಳದಂತೆ ಎದ್ದು ಬಂತು.

ಒಳಗಿನ ಇಟ್ಟಿಗೆ ಒಂಬತ್ತು ಇಂಚು ಉದ್ದದವು. ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ, ಇಂಗ್ಲಿಷ್ ಬಾಂಡ್ ಅನ್ನುವ ಕಟ್ಟಣೆ. ಅದರಿಂದ ವರ್ಷ ಹೇಳಲು ಬರುವುದಿಲ್ಲ, ಆ ಅಳತೆ ಇಂದಿಗೂ ಇದೆ. ಆದರೆ ಸಂದುಗಳಲ್ಲಿ ಸಿಮೆಂಟ್ ಸುಳಿವಿಲ್ಲ, ಅಪ್ಪಟ ಸುಣ್ಣ. ಈ ದೇಶದಲ್ಲಿ ಸಿಮೆಂಟ್ ಸರಿಯಾಗಿ ತಯಾರಾಗಲು ಶುರುವಾದದ್ದು 1914ರಲ್ಲಿ, ಪೋರಬಂದರಿನಲ್ಲಿ. ಗೋಡೆ ಅದಕ್ಕಿಂತ ಹಿಂದಿನದು ಅಂತ ಒಂದು ಊಹೆ, ಗಟ್ಟಿ ಪುರಾವೆ ಅಲ್ಲ. ಹಳ್ಳಿ ಕಡೆ ಸುಣ್ಣ ಬಹಳ ವರ್ಷ ನಡೆಯಿತು.

ಬಾಗಿಲ ಪಕ್ಕ, ನೆಲದಿಂದ ಏಳನೇ ಸಾಲಿನಲ್ಲಿ, ಒಂದು ಇಟ್ಟಿಗೆಯ ಮೇಲೆ ಆಡಿನ ಗೊರಸು ಮೂಡಿತ್ತು. ಒಂದೇ ಕಾಲು, ಸೀಳು ಸ್ಪಷ್ಟವಾಗಿತ್ತು. ಹಸಿ ಇಟ್ಟಿಗೆ ಒಣಗಲು ಹಾಕಿದಾಗ ಆಡು ತುಳಿದು ಹೋಗಿರಬೇಕು, ಯಾರೋ ಅದನ್ನೂ ಹಾಗೇ ಸುಟ್ಟು ತಂದು ಇಟ್ಟಿದ್ದಾರೆ. ಕಾರ್ಖಾನೆ ಮಾಲಲ್ಲ, ಪಕ್ಕದ ಹೊಲದ ಭಟ್ಟಿಯದು ಅನ್ನುವುದಕ್ಕೆ ಇದಕ್ಕಿಂತ ಏನು ಬೇಕು?

ಇನ್ನು ಉಳಿದದ್ದು ಪುಸ್ತಕಗಳು. ಕ್ಯಾಥೊಲಿಕ್ ಬಿಷಪ್ಪರು ಸೇರಿದ್ದ ಟ್ರೆಂಟ್ ಮಹಾಸಭೆಯ ಕಾಲದಿಂದ, ಅಂದರೆ 1563ರಿಂದ, ಜ್ಞಾನಸ್ನಾನ ಮತ್ತು ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡುವುದು ಕ್ಯಾಥೊಲಿಕ್ ಪಾದ್ರಿಗಳಿಗೆ ಕಡ್ಡಾಯ. ಇಲ್ಲಿನ ಹಳೇ ಪುಸ್ತಕ ಲ್ಯಾಟಿನ್‌ನಲ್ಲಿದೆ, ಅಲ್ಲಲ್ಲಿ ಪೋರ್ಚುಗೀಸ್ ಬೆರೆತಿದೆ. ಬೆಳಗಾವಿಗೆ ಆಗ ತನ್ನದೇ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಇರಲಿಲ್ಲ, ಅದು ಬಂದದ್ದು 1953ರ ಸೆಪ್ಟೆಂಬರ್ 19ಕ್ಕೆ. ಅದಕ್ಕೂ ಮೊದಲು ಈ ಭಾಗ ಗೋವಾ ಮತ್ತು ಪುಣೆಗಳ ನಡುವೆ ಹಂಚಿಹೋಗಿತ್ತು, ಬರೆದ ಪಾದ್ರಿಗಳೂ ಎರಡು ಕಡೆಯವರು. ಒಬ್ಬರ ಅಕ್ಷರ ಮುತ್ತು. ಇನ್ನೊಬ್ಬರದು ಇರುವೆ ಮಸಿಯಲ್ಲಿ ಬಿದ್ದು ಎದ್ದು ಓಡಿದಂತೆ. ನನಗೆ ಎರಡೂ ಓದಲು ಬರುವುದಿಲ್ಲ. ಲ್ಯಾಟಿನ್‌ನಲ್ಲೇ ಪೂಜೆ ಕಲಿತಿದ್ದ ನಿವೃತ್ತ ಗುರುಗಳೊಬ್ಬರು ಮೂರು ಮಧ್ಯಾಹ್ನ ಪಕ್ಕದಲ್ಲಿ ಕೂತು ಓದಿ ಹೇಳಿದರು.

ಸಾವಿನ ಪುಸ್ತಕದಲ್ಲಿ ಒಂದು ಕಡೆ ಅವರ ಬೆರಳು ನಿಂತಿತು. ಸಾವಿಗೆ ಕಾರಣ ಬರೆಯುವ ಅಂಕಣದಲ್ಲಿ "ಪೆಸ್ಟಿಸ್". ಕೆಳಗೆ ಮತ್ತೆ "ಪೆಸ್ಟಿಸ್". ಪುಟ ತಿರುಗಿಸಿದರೆ ಪಾದ್ರಿ ಪೂರ್ತಿ ಪದ ಬರೆಯುವುದನ್ನೂ ಬಿಟ್ಟಿದ್ದರು, ಬರೀ ಮೇಲಿನದೇ ಅಂತ ತೋರಿಸುವ ಎರಡು ಗೀಟು. ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಕಡೆಗೂ ಬಂದು ಊರುಗಳನ್ನೇ ಖಾಲಿ ಮಾಡಿಸಿದ ರೋಗ. ಆ ಪುಟಗಳಲ್ಲಿ ಮಕ್ಕಳ ವಯಸ್ಸೇ ಜಾಸ್ತಿ. ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡರು. ಅವತ್ತು ಅಷ್ಟಕ್ಕೇ ನಿಲ್ಲಿಸಿದೆವು.

ಉತ್ತರ ಸಿಕ್ಕಿದ್ದು ಮೂರನೇ ದಿನ, ಜ್ಞಾನಸ್ನಾನದ ಪುಸ್ತಕದಲ್ಲಿ. ಪ್ರತಿ ಮಗುವಿನ ಹೆಸರಿನ ಜೊತೆ ಎಲ್ಲಿ ಜ್ಞಾನಸ್ನಾನ ಆಯಿತು ಅಂತ ಬರೆಯುವ ವಾಡಿಕೆ. ಮೊದಲಿನ ಪುಟಗಳಲ್ಲೆಲ್ಲ "ಇನ್ ಸಾಚೆಲ್ಲೊ", ಅಂದರೆ ಸಣ್ಣ ಪ್ರಾರ್ಥನಾ ಮಂದಿರದಲ್ಲಿ. ಪ್ಲೇಗಿನ ಕಾಲ ದಾಟಿ ಕೆಲವು ವರ್ಷಗಳ ನಂತರ, ಅದೇ ಪಾದ್ರಿಯ ಅದೇ ಇರುವೆ ಅಕ್ಷರದಲ್ಲಿ, ಪದ ಬದಲಾಗಿತ್ತು. "ಇನ್ ಎಕ್ಲೇಸಿಯಾ". ಚರ್ಚಿನಲ್ಲಿ. ಎರಡು ಮಕ್ಕಳ ಹೆಸರಿನ ನಡುವಿನ ಒಂದು ಗೆರೆಯಷ್ಟು ಜಾಗದಲ್ಲಿ ಈ ಕಟ್ಟಡ ಹುಟ್ಟಿತ್ತು. 20ನೇ ಶತಮಾನದ ಮೊದಲ ವರ್ಷಗಳು. ಹಂಚಿನ 1865ಕ್ಕಿಂತ ಸುಮಾರು ನಲವತ್ತು ವರ್ಷ ಈಚೆ.

ಅಂದರೆ ಸಾಲು ಹೀಗೆ: ಮೊದಲು ಜನ ಬಂದರು, ಆಮೇಲೆ ಪುಸ್ತಕ ಶುರುವಾಯಿತು, ನಂತರ ಇಟ್ಟಿಗೆ ಗೋಡೆ ಮತ್ತು ನಾಡಹಂಚು, ಇನ್ನೂ ಕೆಲವು ವರ್ಷ ಬಿಟ್ಟು ಮಂಗಳೂರು ಹಂಚು. ನಾವು ಎಲ್ಲಕ್ಕಿಂತ ಕೊನೆಗೆ ಬಂದದ್ದನ್ನು ಹಿಡಿದು ಎಲ್ಲಕ್ಕಿಂತ ಮೊದಲಿನ ಇಸವಿ ಹೇಳಿದ್ದೆವು.

ಕಮಿಟಿ ಸಭೆಯಲ್ಲಿ ಇದನ್ನು ಹೇಳಿದಾಗ ಯಾರಿಗೂ ಖುಷಿಯಾಗಲಿಲ್ಲ. 150 ಅಂತ ರಸೀದಿ ಪುಸ್ತಕ ಅಚ್ಚಾಗಿತ್ತು. "ಯಾರ ಕೇಳ್ತಾರ್ರಿ, 1865 ಇರಲಿ ಬಿಡ್ರಿ" ಅಂದವರೂ ಇದ್ದರು. ನಾನು ಜಾಸ್ತಿ ಮಾತಾಡಲಿಲ್ಲ, ಅವರ ಮನೆ ವಿಷಯ. ಆಗ ಹಿಂದಿನ ಬೆಂಚಿನಿಂದ ಒಬ್ಬ ಅಜ್ಜಿ ಎದ್ದರು. ವಯಸ್ಸು 84. ಅವರ ತಾತ ಕ್ಯಾಂಪಿನಲ್ಲಿ ಪಾವ್ ಭಟ್ಟಿ ಇಟ್ಟಿದ್ದವರು.

"ನಮ್ಮ ಆಯಿ ಸಣ್ಣಾಕಿ ಇದ್ದಾಗ ಈ ಗ್ವಾಡಿಗೆ ತಲಿ ಮ್ಯಾಲ ಇಟ್ಟಂಗಿ ಹೊತ್ತಾಳ್ರೀ ಮಾಸ್ತರ, ಒಂದ ಸಲಕ್ಕ ನಾಕ. ನಾ ಹೇಳಿದ್ರ ಈ ಹುಡುಗೂರು ನಗತಿದ್ರು."

ನಕ್ಕಿದ್ದು ನಿಜ. ಹಂಚು ಸಿಕ್ಕಿದ ಮೇಲೆ ಅಜ್ಜಿ ಇದೇ ಮಾತು ಹೇಳಿದ್ದರು. 1865ರಲ್ಲಿ ನಿಮ್ಮ ಆಯಿ (ತಾಯಿ) ಹುಟ್ಟೇ ಇರಲಿಲ್ಲ, ಅದು ಆಯಿಯ ಆಯಿ ಇರಬೇಕು ಅಂತ ಹುಡುಗರು ತಿದ್ದಿದ್ದರು. ಈಗ ಸಭೆಯಲ್ಲೇ ಲೆಕ್ಕ ಹಾಕಿದೆವು. ಅಜ್ಜಿ ಹುಟ್ಟಿದ್ದು 1930. ಅವರ ಆಯಿ ಅದಕ್ಕಿಂತ ಸುಮಾರು ನಲವತ್ತು ವರ್ಷ ದೊಡ್ಡವರು. ಹತ್ತು ಹನ್ನೆರಡು ವರ್ಷದ ಹುಡುಗಿಯಾಗಿ ಇಟ್ಟಂಗಿ ಹೊತ್ತಿದ್ದರೆ ಅದು 1900ರ ಆಚೆ ಈಚೆ. ಪುಸ್ತಕದ ಲೆಕ್ಕಕ್ಕೆ ಪಕ್ಕಾ ಕೂತಿತು. ನಾನು ನಿಚ್ಚಣಿಕೆ ಹತ್ತಿ, ಲ್ಯಾಟಿನ್ ಓದಿಸಿ, ಮೂರು ವಾರ ತಿರುಗಿ ಕಂಡುಕೊಂಡದ್ದು ಆ ಬೆಂಚಿನಲ್ಲಿ ಮೊದಲಿಂದ ಕೂತಿತ್ತು. ನನ್ನದೂ ತಪ್ಪೇ. ಮೊದಲ ದಿನ ಹಂಚಿನ ಹತ್ತಿರ ಹೋದೆನೇ ಹೊರತು ಅಜ್ಜಿಯ ಹತ್ತಿರ ಹೋಗಲಿಲ್ಲ.

150ರ ಕಾರ್ಯಕ್ರಮ ರದ್ದಾಯಿತು. ರಸೀದಿ ಪುಸ್ತಕದಲ್ಲಿ ಆ ಅಂಕಿಯ ಮೇಲೆ ಪೆನ್ನಿನಿಂದ ಗೀಟು ಎಳೆದು ಮಾಡು ರಿಪೇರಿಯ ದೇಣಿಗೆಗೆ ಬಳಸಿದರು. ಉತ್ತರದ ಗೋಡೆಗೆ ಈಗ ಸುಣ್ಣದ ಗಿಲಾವ್ ಆಗಿದೆ, ಗೊರಸಿನ ಇಟ್ಟಿಗೆಯ ಜಾಗ ಮಾತ್ರ ಬಿಟ್ಟಿದ್ದಾರೆ. ಸ್ಮರಣ ಸಂಚಿಕೆ ಕೊನೆಗೂ ಬರಲಿಲ್ಲ. ಅದೇ ನವೆಂಬರ್ 1ಕ್ಕೆ ಊರಿನ ಹೆಸರು ಸರ್ಕಾರಿ ಕಾಗದದಲ್ಲಿ ಬೆಳಗಾಂ ಹೋಗಿ ಬೆಳಗಾವಿ ಆಯಿತು, ಅಚ್ಚಾಗಿದ್ದರೆ ಅದನ್ನೂ ತಿದ್ದಬೇಕಿತ್ತು. 1865ರ ಹಂಚೊಂದು ಫಾದರ್ ಕೋಣೆಯಲ್ಲಿ ಕಾಗದ ಹಾರದಂತೆ ಮೇಜಿನ ಮೇಲೆ ಕೂತಿದೆ. ಹೊಸದಾಗಿ ಬಂದವರು ತಿರುವಿ ನೋಡಿ ಈಗಲೂ ಹುಬ್ಬೇರಿಸುತ್ತಾರಂತೆ.

ಸಭೆ ಮುಗಿದ ಮೇಲೆ ಅಜ್ಜಿಯನ್ನು ಮನೆವರೆಗೆ ಬಿಡಲು ಹೋದೆ. ಹೋಗುತ್ತಾ, ಆಗ ಆಯಿಗೆ ಕೂಲಿ ಎಷ್ಟು ಕೊಡುತ್ತಿದ್ದರು ಅಂತ ಕೇಳಿದೆ.

"ಕೂಲಿ ಎಲ್ಲೀದ್ರೀ. ಗಚ್ಚಿಗೆ ಹಾಕಾಕ ಬೆಲ್ಲ ತಂದ ಇಟ್ಟಿದ್ರಂತ. ಗೌಂಡಿ ಆ ಕಡೆ ತಿರುಗಿದ್ರ ಸಾಕು, ಹುಡುಗೂರೆಲ್ಲ ಮುರಕೊಂಡು ಓಡೂದು. ಗ್ವಾಡ್ಯಾಗ ಎಷ್ಟ ಹೋತೋ, ಹೊಟ್ಟ್ಯಾಗ ಎಷ್ಟ ಹೋತೋ ಆ ದೇವರಿಗೇ ಗೊತ್ತು, ಅಂತಿದ್ಲು ಆಯಿ."